ಅಮೆರಿಕದ ಹೊಸ ನೆಲವೂ ಕೌದಳ್ಳಿಯ ಕೆಂಪು ಹೊಲವೂ

ಇಲಾಖೆಯ ಕೆಲಸದ ಮೇಲೆ ಕೌದಳ್ಳಿಗೆ ಹೋದಾಗಲೆಲ್ಲ ಅಲ್ಲಿಯ ಹಿರಿಯ ಜಮೀನುದಾರರೊಬ್ಬರ ಜಗಲಿಯ ಮೇಲೆ ಒಂದು ಗಳಿಗೆ ಕುಳಿತು ಬರುವುದು ನಮ್ಮ ರೂಢಿ. ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಪರಷೆಯ ಜನರು ಆ ಜಗಲಿಯ ಮುಂದೆಯೇ ಹಾದುಹೋಗುವರು. ಆದುದರಿಂದ ಅಲ್ಲಿ ನಾಲ್ಕು ಸೀಮೆಯ ಸುದ್ದಿಗೆ ಕೊರತೆಯಿರುವುದಿಲ್ಲ. ಈಚೆಗೆ ಒಂದು ಸಂಜೆ ಆ ಯಜಮಾನರು ನಮ್ಮನ್ನು ಹೀಗೆ ಕೇಳಿದರು: “ಸ್ವಾಮಿ, ನಾವು ಈ ಹೊಲಗಳಲ್ಲಿ ನೇಗಿಲು ಹೂಡಲು ತೊಡಗಿ ಎಷ್ಟು ತಲೆಮಾರಾಯಿತೋ ಲೆಕ್ಕವಿಲ್ಲ. ಆ ಅಮೆರಿಕಾದವರು ಮೊನ್ನೆ ಮೊನ್ನೆ ಹೋಗಿ ನೆಲ ಒಡೆದು ಕುಳಿತವರು. ಅವರು ಲೋಕಕ್ಕೆಲ್ಲ ಧಾನ್ಯ ಅಳೆಯುವುದು ಹೇಗೆ? ನಾವು ಬೀಜಕ್ಕೂ ಗೊಬ್ಬರಕ್ಕೂ ಸೊಸೈಟಿಯ ಬಾಗಿಲು ಕಾಯುವುದೇಕೆ?”

ಪ್ರಶ್ನೆಯು ಚಿಕ್ಕದು, ಉತ್ತರವು ಚಿಕ್ಕದಲ್ಲ. “ಯಜಮಾನರೇ, ಅಮೆರಿಕವು ಬಹು ದೂರವೆಂದು ತಿಳಿಯಬೇಡಿ, ಅದು ನೂರಿಪ್ಪತ್ತು ವರ್ಷಗಳ ಕೆಳಗೇ ನಮ್ಮ ತಾಲ್ಲೂಕಿನ ಗಡಿಗೆ ಬಂದಿತ್ತು” ಎಂದು ಹೇಳಿ ನಾವು ಶಿವನಸಮುದ್ರದ ಕಥೆಯನ್ನು ಆರಂಭಿಸಿದೆವು. ಅದನ್ನೇ ಇಲ್ಲಿ ಗ್ರಾಮಗಳ ಯಜಮಾನರಿಗೂ ಹಿಡುವಳಿದಾರರಿಗೂ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇವೆ.

ಕೊಳ್ಳೇಗಾಲದಿಂದ ಒಂಬತ್ತು ಹತ್ತು ಮೈಲಿ ದೂರದಲ್ಲಿ ಕಾವೇರಿಯು ಎರಡಾಗಿ ಒಡೆದು ಗಗನಚುಕ್ಕಿ ಭರಚುಕ್ಕಿಗಳೆಂಬ ಹೆಸರಿನಿಂದ ಕೆಳಕ್ಕೆ ಧುಮುಕುವುದನ್ನು ನೋಡದಿರುವವರು ನಮ್ಮಲ್ಲಿ ವಿರಳ. ಈ ನೀರಿನ ಬಲವನ್ನು ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಬೇಕೆಂಬ ಯೋಜನೆಯು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ರೂಪುಗೊಂಡಿತು. ಸಂಸ್ಥಾನದ ಇಂಜಿನಿಯರಾಗಿದ್ದ ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯೇರ್ ಎಂಬವರು ಕೆನಡಾ ದೇಶದವರು. ಅವರು ಅಮೆರಿಕಕ್ಕೆ ಹೋಗಿ ಅಲ್ಲಿ ಇಂತಹ ಕೆಲಸಗಳು ನಡೆಯುತ್ತಿದ್ದ ರೀತಿಯನ್ನು ಕಣ್ಣಾರೆ ಕಂಡು ಬಂದರು. ನಯಾಗರಾ ಜಲಪಾತದ ವಿದ್ಯುದಾಗಾರವು ಪ್ರಾರಂಭವಾದುದು 1895ರಲ್ಲಿ. ಅಲ್ಲಿಂದ ಬಫೆಲೋ ಪಟ್ಟಣಕ್ಕೆ, ಎಂದರೆ ಸುಮಾರು ಇಪ್ಪತ್ತೈದು ಮೈಲಿಗಳ ದೂರಕ್ಕೆ, ಶಕ್ತಿಯು ಹರಿದುದು 1896ರಲ್ಲಿ. ಅದಾದ ಆರೇ ವರ್ಷಗಳಿಗೆ, 1902ನೆಯ ಇಸವಿ ಜೂನ್ 30ರಂದು, ಶಿವನಸಮುದ್ರದ ಶಕ್ತಿಯು 92 ಮೈಲಿ ದೂರದ ಕೋಲಾರದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಇದು ಪ್ರಪಂಚದ ಅತ್ಯಂತ ಉದ್ದವಾದ ವಿದ್ಯುತ್ ಮಾರ್ಗಗಳಲ್ಲೊಂದು. ವಿದ್ಯುದ್ಯಂತ್ರಗಳನ್ನು ಕೊಟ್ಟವರು ಅಮೆರಿಕದ ಸ್ಕೆನೆಕ್ಟಡಿ ಎಂಬ ಊರಿನ ಜನರಲ್ ಎಲೆಕ್ಟ್ರಿಕ್ ಕಂಪೆನಿಯವರು. ನೀರಿನ ಚಕ್ರಗಳನ್ನು ಕೊಟ್ಟವರು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪೆನಿಯವರು. ಇಂಗ್ಲೆಂಡಿನವರ ಆಳ್ವಿಕೆಯ ಕೆಳಗಿದ್ದ ದೇಶದಲ್ಲಿ ಇಂಗ್ಲೆಂಡಿನ ಯಂತ್ರಗಳನ್ನು ಬಿಟ್ಟು ಅಮೆರಿಕದ ಯಂತ್ರಗಳನ್ನು ಕೊಂಡುದನ್ನು ನೋಡಿದರೆ, ಆ ಹೊತ್ತಿಗೆ ಆ ದೇಶದ ಕೈಗಾರಿಕೆಯು ಎಷ್ಟು ಮುಂದೆ ಸಾಗಿದ್ದಿತೆಂಬುದು ತಾನಾಗಿ ವಿಶದವಾಗುವುದು. ಹಡಗಿನಿಂದ ಇಳಿದು ರೈಲಿನಲ್ಲಿ ಬಂದ ಆ ಭಾರವಾದ ಯಂತ್ರಭಾಗಗಳು ಕಡೆಯ ಹಾದಿಯನ್ನು ಸವೆಸಿದುದು ಎತ್ತಿನ ಗಾಡಿಗಳ ಮೇಲೂ ಆನೆಗಳ ಬಲದಿಂದಲೂ ಎಂಬುದನ್ನು ಮರೆಯಬಾರದು. ಶೇಷಾದ್ರಿ ಅಯ್ಯರವರು ಈ ಕೆಲಸವು ಮುಗಿದುದನ್ನು ನೋಡಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡರು.

ಇಲ್ಲಿ ನಮ್ಮ ಯಜಮಾನರು ನಡುವೆ ಬಾಯಿ ಹಾಕಿ, “ಆ ಕರೆಂಟು ನಮ್ಮ ಪಕ್ಕದಲ್ಲಿ ಹುಟ್ಟಿ ಕೋಲಾರಕ್ಕೆ ಏಕೆ ಹೋಯಿತು?” ಎಂದರು. ಅದು ಸರಿಯಾದ ಪ್ರಶ್ನೆಯೇ. ಕೊಳ್ಳೇಗಾಲವು ಆಗ ಮೈಸೂರಿಗೆ ಸೇರಿರಲಿಲ್ಲ. ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1956ರ ನವೆಂಬರ್ 1ರಂದು ಮಾತ್ರ ಈ ಕಡೆಗೆ ಬಂದಿತು. ಅದಕ್ಕಿಂತಲೂ ಮುಖ್ಯವಾದ ಕಾರಣವೆಂದರೆ, ಹಣ ಕೊಟ್ಟು ಶಕ್ತಿಯನ್ನು ಕೊಳ್ಳತಕ್ಕವರು ಗಣಿಗಳವರಾಗಿದ್ದರು, ರಾಗಿ ಬೆಳೆಯುವವರಾಗಿರಲಿಲ್ಲ. ಬೆಂಗಳೂರಿಗೂ ದೀಪ ಬಂದುದು 1905ರ ಆಗಸ್ಟಿನಲ್ಲಿ, ಗಣಿಗಳಿಗೆ ಮೂರು ವರ್ಷಗಳ ಮೇಲೆ. ಕಡೆಗೆ 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದುವು. ಚಿನ್ನವು ಮುಗಿಯಿತು, ನೀರು ಮುಗಿಯಲಿಲ್ಲ.

ಇನ್ನು ಅಮೆರಿಕವು ಆ ಯಂತ್ರಗಳನ್ನು ಮಾಡುವಷ್ಟು ಬಲಿತ ಬಗೆಯನ್ನು ನೋಡೋಣ. 1862ನೆಯ ಇಸವಿಯಲ್ಲಿ, ದೇಶದೊಳಗೆ ಅಂತರ್ಯುದ್ಧವು ನಡೆಯುತ್ತಿರುವಾಗಲೇ, ಅಧ್ಯಕ್ಷ ಲಿಂಕನ್ನರು ಮೂರು ಕಾನೂನುಗಳಿಗೆ ಸಹಿ ಹಾಕಿದರು. ಒಂದರಿಂದ ವ್ಯವಸಾಯದ ಇಲಾಖೆಯು ಹುಟ್ಟಿತು. ಇನ್ನೊಂದರಿಂದ ಸರ್ಕಾರದ ಭೂಮಿಯನ್ನು ಮಾರಿ ಬಂದ ಹಣದಲ್ಲಿ ವ್ಯವಸಾಯ ಮತ್ತು ಯಂತ್ರವಿದ್ಯೆಗಳ ಕಾಲೇಜುಗಳು ಹುಟ್ಟಿದುವು. ಮೂರನೆಯದು ಹೋಮ್‌ಸ್ಟೆಡ್ ಎಂಬ ಭೂಮಿಯ ಕಾನೂನು: ಇಪ್ಪತ್ತೊಂದು ವರ್ಷ ತುಂಬಿದವನು ಅಥವಾ ಕುಟುಂಬದ ಯಜಮಾನನಾದವನು ಅಲ್ಪ ರುಸುಮನ್ನು ಕಟ್ಟಿ 160 ಎಕರೆ ನೆಲವನ್ನು ಗುರುತಿಸಿಕೊಳ್ಳಬಹುದು; ಐದು ವರ್ಷ ಅಲ್ಲಿಯೇ ಮನೆ ಕಟ್ಟಿಕೊಂಡು ವಾಸವಾಗಿದ್ದು ಬೇಸಾಯ ಮಾಡಿದರೆ ನೆಲವು ಅವನದೇ ಆಗುವುದು. ಹೆಂಗಸರಿಗೂ ಈ ಹಕ್ಕಿದ್ದಿತು, ವಿಧವೆಯರೂ ಮದುವೆಯಾಗದವರೂ ನೆಲ ಪಡೆದರು. ಈ ಕಾನೂನಿನಿಂದ ಕಾಲಾನುಕ್ರಮದಲ್ಲಿ ಸುಮಾರು 16 ಲಕ್ಷ ಹಿಡುವಳಿಗಳೂ 27 ಕೋಟಿ ಎಕರೆಗಳೂ ರೈತರ ಹೆಸರಿಗಾದುವು. ಕಾಗದದ ಮೇಲೆ ನೆಲವನ್ನು ಬರೆಸಿಕೊಂಡು ಪಟ್ಟಣದಲ್ಲಿ ಕುಳಿತಿರುವವನಿಗೆ ಆ ಕಾನೂನು ಎಡೆಗೊಡದಿರಲು ಯತ್ನಿಸಿತೆಂಬುದನ್ನು ನಮ್ಮ ಕಡೆಯ ಕೆಲವರು ಗಮನಿಸಬೇಕು. ಆದರೂ ಅಲ್ಲಿಯೂ ಸುಳ್ಳು ಹೆಸರಿನಲ್ಲಿ ನೆಲ ಹಿಡಿದವರು ಕಡಮೆಯೇನಲ್ಲ.

ನೆಲವಿದ್ದರೆ ಸಾಲದು, ದಾರಿ ಬೇಕು. 1869ನೆಯ ಇಸವಿ ಮೇ 10ರಂದು ಯೂಟಾ ಪ್ರಾಂತದ ಪ್ರಾಮಂಟರಿ ಎಂಬಲ್ಲಿ ಪೂರ್ವದ ರೈಲು ಪಶ್ಚಿಮದ ರೈಲನ್ನು ಕೂಡಿತು. ಬೆಟ್ಟಗಳನ್ನು ಕೊರೆದು ಪಶ್ಚಿಮದ ಭಾಗವನ್ನು ಹಾಕಿದವರು ಬಹುಮಟ್ಟಿಗೆ ಚೀನದ ಕೂಲಿಗಳು; ಪೂರ್ವದ ಭಾಗದಲ್ಲಿ ದುಡಿದವರು ಬಹುಮಟ್ಟಿಗೆ ಐರ್ಲೆಂಡಿನವರು. ಅಂತರ್ಯುದ್ಧವು ಮುಗಿದಾಗ ಸುಮಾರು 35,000 ಮೈಲಿಗಳಿದ್ದ ರೈಲು ಮಾರ್ಗವು 1900ರ ಹೊತ್ತಿಗೆ 1,90,000 ಮೈಲಿಗಳನ್ನು ದಾಟಿತು. ಅಷ್ಟು ಕಂಬಿಗೆ ಉಕ್ಕು ಬೇಕಾಯಿತು. ಉಕ್ಕಿಗೆ ಕಲ್ಲಿದ್ದಲು ಬೇಕಾಯಿತು. ಕಾರ್ಖಾನೆಯ ಕೆಲಸಗಾರರಿಗೆ ರೊಟ್ಟಿ ಬೇಕಾಯಿತು. ಆ ರೊಟ್ಟಿಯ ಗೋಧಿಯನ್ನು ತರಲು ಮತ್ತೆ ರೈಲು ಬೇಕಾಯಿತು. ಯಾತದ ಹಾಗೆ ಒಂದು ಇಳಿದರೆ ಒಂದು ಏಳುತ್ತಿದ್ದಿತು. 1850ರಲ್ಲಿ 30,000 ಜನರಿದ್ದ ಷಿಕಾಗೋ ಪಟ್ಟಣದಲ್ಲಿ 1900ಕ್ಕೆ ಹದಿನೇಳು ಲಕ್ಷ ಜನರಾದರು. ನಮ್ಮ ಎರೆಯ ಭೂಮಿಯಂತೆ ಅಂಟುವ ಅಲ್ಲಿಯ ಕಪ್ಪು ನೆಲದಲ್ಲಿ ಹಳೆಯ ನೇಗಿಲು ಸಾಗದಿರಲು, ಜಾನ್ ಡೀರ್ ಎಂಬ ಕಮ್ಮಾರನು 1837ರಲ್ಲಿಯೇ ನುಣುಪಾದ ಉಕ್ಕಿನ ನೇಗಿಲನ್ನು ಮಾಡಿದನು. ಮೆಕಾರ್ಮಿಕ್ಕನು ಪೈರು ಕೊಯ್ಯುವ ಯಂತ್ರವನ್ನು ಮಾಡಿದನು. ಆಳುಗಳು ಕಡಮೆ, ನೆಲ ವಿಪುಲ. ಆದುದರಿಂದ ಯಂತ್ರವು ಅಲ್ಲಿ ಮೊದಲೇ ಹುಟ್ಟಬೇಕಾಯಿತು. ನಮ್ಮಲ್ಲಿ ನೆಲ ಕಡಮೆಯಾಗಿ ಆಳು ಹೆಚ್ಚಾಗಿದ್ದ ಕಾಲದಲ್ಲಿ ಅದು ಹುಟ್ಟದಿದ್ದುದಕ್ಕೆ ನಮ್ಮ ಹಿರಿಯರನ್ನು ದಡ್ಡರೆನ್ನಲಾಗದು.

ಯಜಮಾನರು ಇದನ್ನೆಲ್ಲ ಕೇಳಿ ತಲೆದೂಗಿದರು. ಆದರೆ ಕಥೆಯ ಇನ್ನೊಂದು ಮಗ್ಗುಲನ್ನು ಹೇಳದೆ ಬಿಟ್ಟರೆ ನಾವು ಇಲಾಖೆಯ ಅನ್ನಕ್ಕೆ ಎರಡು ಬಗೆದಂತಾಗುವುದು.

“ಹೊಸ ನೆಲ” ಎಂದು ಅವರು ಕರೆದುದು ಯಾರ ನೆಲವೂ ಆಗಿರಲಿಲ್ಲವೆಂದು ತಿಳಿಯಬಾರದು. ಅಲ್ಲಿಯ ಮೂಲನಿವಾಸಿಗಳು ಬೈಸನ್ ಎಂಬ ಕಾಡುಕೋಣದ ಹಿಂಡುಗಳನ್ನು ನಂಬಿ ಬಾಳುತ್ತಿದ್ದರು. ಕೋಟಿಗಟ್ಟಲೆಯಾಗಿದ್ದ ಆ ಮೃಗಗಳನ್ನು ತೊಗಲಿಗಾಗಿಯೂ ಮೋಜಿಗಾಗಿಯೂ ಕೊಂದು 1880ರ ದಶಕದ ಕೊನೆಗೆ ಸಾವಿರದೊಳಗೆ ಉಳಿಸಿದರು. 1887ರ ಡಾಸ್ ಕಾನೂನು ಮೂಲನಿವಾಸಿಗಳ ಸಮುದಾಯದ ಭೂಮಿಯನ್ನು ತುಂಡು ತುಂಡಾಗಿ ಹಂಚಿ, ‘ಉಳಿದ’ ನೆಲವನ್ನು ಹೊರಗಿನವರಿಗೆ ತೆರೆಯಿತು. ಆ ವರ್ಷ ಅವರ ಕೈಯಲ್ಲಿದ್ದ 13 ಕೋಟಿ 80 ಲಕ್ಷ ಎಕರೆಗಳಲ್ಲಿ 1934ಕ್ಕೆ ಉಳಿದುದು 4 ಕೋಟಿ 80 ಲಕ್ಷ ಮಾತ್ರ. ನಮ್ಮ ಬೆಟ್ಟಗಳ ಸೋಲಿಗರ ಪೋಡುಗಳನ್ನು ಕಂಡಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯದ ಸಮುದಾಯ ಹಕ್ಕುಪತ್ರಗಳು ಬಂದುದು 2011ರಲ್ಲಿ. ತಮ್ಮ ಸರ್ವೆ ನಂಬರಿನ ಆಚೆಯ ಕಾಡಂಚನ್ನು ‘ಬೀಳು’ ಎಂದು ಬಗೆದು ವರ್ಷಕ್ಕೊಂದು ಸಾಲು ಒಳಕ್ಕೆ ಸರಿಯುವ ಹಿಡುವಳಿದಾರರು ಕೌದಳ್ಳಿಯ ಸುತ್ತಲೂ ಇಲ್ಲದಿಲ್ಲ. ಅವರು ಈ ಅಂಕಿಗಳನ್ನು ಎರಡು ಸಲ ಓದಿದರೆ ತಪ್ಪಿಲ್ಲ.

ದನಗಳ ಸಂಗತಿಯೂ ಹೀಗೆಯೇ. ಟೆಕ್ಸಾಸಿನಿಂದ ಉತ್ತರಕ್ಕೆ ಸಾವಿರಾರು ದನಗಳು ಬೇಲಿಯಿಲ್ಲದ ಹುಲ್ಲುಗಾವಲಿನಲ್ಲಿ ಮೇಯುತ್ತ ಹೋಗುತ್ತಿದ್ದುವು. 1874ರಲ್ಲಿ ಗ್ಲಿಡನ್ ಎಂಬ ರೈತನು ಮುಳ್ಳುತಂತಿಗೆ ಹಕ್ಕುಪತ್ರ ಪಡೆದನು. ಹತ್ತು ಹದಿನೈದು ವರ್ಷಗಳಲ್ಲಿ ಆ ತಂತಿಯು ಬಯಲನ್ನೆಲ್ಲ ಕಟ್ಟಿಹಾಕಿತು. ಅದರ ಮೇಲೆ 1886–87ರ ಚಳಿಗಾಲದ ಹಿಮಪಾತವು ಬಂದು ದನಗಳನ್ನು ಹಿಂಡುಹಿಂಡಾಗಿ ಕೊಂದಿತು. ಆ ಬಗೆಯ ದನಗಾಹಿತನವೇ ಮುಗಿಯಿತು. ನಮ್ಮಲ್ಲಿ ಆಲಂಬಾಡಿಯ ದನವೂ ಪಕ್ಕದ ಬರಗೂರಿನ ದನವೂ ಕಾಡಿನ ದೊಡ್ಡಿಗಳಲ್ಲಿ ತಿಂಗಳುಗಟ್ಟಲೆ ಮೇದು ಬೆಳೆದ ತಳಿಗಳು. 1987ರಲ್ಲಿ ಕಾವೇರಿ ವನ್ಯಧಾಮವೂ 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮವೂ ಏರ್ಪಟ್ಟ ಮೇಲೆ ಆ ದೊಡ್ಡಿಗಳ ಬಾಳು ಕುಗ್ಗಿತು. ಕಾಡಿನೊಳಗೆ ಅಮೆರಿಕ ಖಂಡದಿಂದಲೇ ಬಂದ ಲಂಟಾನವು ಹುಲ್ಲನ್ನು ನುಂಗಿತು. (ನಾವು ಊರ ಬೇಲಿಯೆಂದು ತಿಳಿದಿರುವ ಕತ್ತಾಳೆಯೂ ಪಾಪಾಸುಕಳ್ಳಿಯೂ ಆ ಖಂಡದವೇ ಎಂದರೆ ಹಳಬರು ನಗುವರು.) ಹುಲ್ಲು ಹೋಯಿತು, ದನ ಕಡಮೆಯಾದುವು, ಕೊಟ್ಟಿಗೆಯ ಗೊಬ್ಬರ ಕಡಮೆಯಾಯಿತು, ಹೊಲಗಳು ಸೊರಗಿದುವು. ಕಾಡಿನ ಅಂಚಿನ ಹೊಲಗಳಿಗೆ ಆನೆ ಹಂದಿಗಳ ಕಾಟ ಹೆಚ್ಚಿತೆಂದು ಕೆಲವರು ತಂತಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹರಿಸುವುದುಂಟು. ಇದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ರಾತ್ರಿ ನೀರು ಕಟ್ಟಲು ಹೋದ ತಮ್ಮ ಆಳೋ ಮಗನೋ ಆ ತಂತಿಯನ್ನು ಮುಟ್ಟಬಹುದು.

ಬೆಲೆಯ ವಿಷಯವನ್ನು ಬೇಗ ಹೇಳಿಬಿಡುತ್ತೇವೆ. ಅಷ್ಟೊಂದು ಬೆಳೆದ ಅಮೆರಿಕದ ರೈತನು ಧನಿಕನಾದನೇ ಎಂದರೆ, ಇಲ್ಲ. ಗೋಧಿಯ ಬೆಲೆಯು 1870ರಿಂದ 1894ರೊಳಗೆ ಅರ್ಧದ ಮಟ್ಟಕ್ಕೆ ಇಳಿಯಿತು. ರೈಲಿನವರು ಕೇಳಿದ ಬಾಡಿಗೆಯನ್ನು ಕೊಟ್ಟು ಮಾರುವುದಕ್ಕಿಂತ ಒಲೆಗೆ ಹಾಕುವುದೇ ಲೇಸೆಂದು ಕ್ಯಾನ್ಸಾಸಿನ ರೈತರು ಮುಸುಕಿನ ಜೋಳವನ್ನು ಸೌದೆಯಂತೆ ಉರಿಸಿದ ವರ್ಷಗಳಿದ್ದುವು. 1867ರಲ್ಲಿ ಆರಂಭವಾದ ಗ್ರೇಂಜ್ ಎಂಬ ರೈತರ ಸಂಘವು ಹಳ್ಳಿ ಹಳ್ಳಿಗೂ ಹಬ್ಬಿ, ಉಗ್ರಾಣಗಳ ಮತ್ತು ರೈಲಿನ ದರಗಳಿಗೆ ಮಿತಿ ಹಾಕಬೇಕೆಂದು ಹೋರಾಡಿತು. 1877ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಸರ್ಕಾರಕ್ಕೆ ಆ ಅಧಿಕಾರವುಂಟೆಂದು ತೀರ್ಪು ಕೊಟ್ಟಿತು. ಸುಗ್ಗಿಯಾದ ವಾರದಲ್ಲಿಯೇ ಮುಸುಕಿನ ಜೋಳವನ್ನು ಹೊಲದ ಬದುವಿನ ಮೇಲೆ ನಿಂತ ಲಾರಿಗೆ ಸುರಿಯುವ ನಮ್ಮವರು ಒಬ್ಬೊಬ್ಬರಾಗಿ ಚೌಕಾಸಿ ಮಾಡಿ ಸೋಲುವುದನ್ನು ನಾವು ಪ್ರತಿವರ್ಷವೂ ನೋಡುತ್ತಿದ್ದೇವೆ.

ಈಗ ಮಣ್ಣಿನ ಮಾತು. ಈ ಲೇಖನವನ್ನು ಬರೆಯಲು ನಿಜವಾದ ಕಾರಣವು ಇದೇ.

ರೈಲು ಪಶ್ಚಿಮಕ್ಕೆ ಸಾಗಿದಂತೆ ಮಳೆಯು ಕಡಮೆಯಾಗುತ್ತ ಹೋಗುವುದು. ಭೂಮಿಯನ್ನು ಮಾರುವವರು, “ನೇಗಿಲು ಹೋದೆಡೆಗೆ ಮಳೆ ಹಿಂಬಾಲಿಸುವುದು” ಎಂದು ಸಾರಿದರು. ಕೆಲವು ವಿದ್ವಾಂಸರೂ ಅದಕ್ಕೆ ತಲೆದೂಗಿದರು. ಜಾನ್ ವೆಸ್ಲಿ ಪವೆಲ್ ಎಂಬ ಒಕ್ಕೈಯ ಭೂಶಾಸ್ತ್ರಜ್ಞನು ಮಾತ್ರ 1878ರಲ್ಲಿ ಸರ್ಕಾರಕ್ಕೆ ವರದಿ ಬರೆದು, ವರ್ಷಕ್ಕೆ ಇಪ್ಪತ್ತು ಅಂಗುಲಕ್ಕಿಂತ ಕಡಮೆ ಮಳೆ ಬೀಳುವ ಸೀಮೆಯಲ್ಲಿ ನೀರಾವರಿಯಿಲ್ಲದೆ ಬೇಸಾಯವನ್ನು ನಂಬಲಾಗದೆಂದೂ, ಅಲ್ಲಿ ನೆಲವನ್ನು ಚೌಕಗಳಾಗಿ ಅಳೆಯದೆ ನೀರು ಇರುವ ರೀತಿಯನ್ನು ನೋಡಿ ಹಂಚಬೇಕೆಂದೂ ಎಚ್ಚರಿಸಿದನು. ಅವನ ಮಾತು ಯಾರಿಗೂ ರುಚಿಸಲಿಲ್ಲ. ಕೆಲವು ವರ್ಷ ಮಳೆ ಚೆನ್ನಾಗಿ ಬಂದಿತು, ಜನರು ನುಗ್ಗಿದರು. 1880ರ ದಶಕದ ಕೊನೆಗೆ ಬರ ಬಂದಿತು, ಸಾವಿರಾರು ಸಂಸಾರಗಳು ಗಾಡಿ ತಿರುಗಿಸಿಕೊಂಡು ಹಿಂದಿರುಗಿದುವು. ಆಮೇಲೆ ಟ್ರ್ಯಾಕ್ಟರು ಬಂದಿತು, ಹುಲ್ಲಿನ ಬೇರುಗಳು ಹಿಡಿದಿಟ್ಟಿದ್ದ ನೆಲವನ್ನೆಲ್ಲ ಉತ್ತುದಾಯಿತು. 1930ರ ದಶಕದಲ್ಲಿ ಮತ್ತೆ ಬರವು ಬಂದಾಗ ಆ ಸಡಿಲ ಮಣ್ಣನ್ನು ಗಾಳಿಯು ಎತ್ತಿಕೊಂಡು ಹೋಯಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿನಿಂದ ಓಕ್ಲಹೋಮ ಟೆಕ್ಸಾಸ್ ಸೀಮೆಗಳಲ್ಲಿ ಹಗಲು ಇರುಳಾಯಿತು. ಅದೇ ತಿಂಗಳ 27ರಂದು ಮಣ್ಣಿನ ಸಂರಕ್ಷಣೆಯ ಕಾನೂನು ಹೊರಟಿತು. ಪವೆಲ್ಲನ ವರದಿಗೆ ಆಗ ಐವತ್ತೇಳು ವರ್ಷ.

ನಮ್ಮಲ್ಲಿ ಮಣ್ಣನ್ನು ಗಾಳಿ ಒಯ್ಯುವುದಿಲ್ಲ, ನೀರು ಒಯ್ಯುವುದು. ಕೌದಳ್ಳಿ, ರಾಮಾಪುರ, ಹನೂರುಗಳ ಸುತ್ತ ಕೆಂಪು ಮಣ್ಣಿನ ಇಳಿಜಾರು ಹೊಲಗಳೇ ಹೆಚ್ಚು. ಮುಂಗಾರು ಇಲ್ಲಿ ಕಣ್ಣಾಮುಚ್ಚಾಲೆಯಾಡುವುದು. ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಬೀಳುವ ಮಳೆಯು ಒಂದೆರಡು ಗಂಟೆಗಳಲ್ಲಿ ಹೊಡೆದು ಹೋಗುವುದು. ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಯಜಮಾನರ ಮೇಲಿನ ಹೊಲದಲ್ಲಿ, ಟ್ರ್ಯಾಕ್ಟರು ತಿರುಗಲು ಅನುಕೂಲವಾಗಲೆಂದು, ಅಡ್ಡಲಾಗಿದ್ದ ಎರಡು ಹಳೆಯ ಬದುಗಳನ್ನು ಕೀಳಿಸಿ ಮೇಲಿನಿಂದ ಕೆಳಕ್ಕೆ ಉದ್ದುದ್ದ ಉಳಿಸಿದೆವು. ಮೊದಲ ವರ್ಷ ಬೆಳೆಯು ಚೆನ್ನಾಗಿಯೇ ಬಂದಿತು. ನಮಗೆ ಹೊಗಳಿಕೆಯೂ ಬಂದಿತು. ಎರಡನೆಯ ವರ್ಷದ ಹಿಂಗಾರಿನಲ್ಲಿ ಒಂದೇ ರಾತ್ರಿಯ ಮಳೆಗೆ ಉಳುಮೆಯ ಸಾಲುಗಳೆಲ್ಲ ಕಾಲುವೆಗಳಾಗಿ, ಬೆಳಗಾಗುವಷ್ಟರಲ್ಲಿ ಹೊಲದ ನಡುವೆ ಮೊಣಕಾಲುದ್ದದ ಕೊರಕಲು ಬಿದ್ದಿದ್ದಿತು. ಮೇಲ್ಮಣ್ಣು ಹಳ್ಳಕ್ಕೆ ಹೋಗಿದ್ದಿತು. ಹೊಲದಲ್ಲಿ ನೊರಜುಗಲ್ಲು ಕಾಣುತ್ತಿದ್ದಿತು. ಯಜಮಾನರು ನಮ್ಮನ್ನು ಬಯ್ಯಲಿಲ್ಲ. “ಆ ಬದು ನಮ್ಮ ತಾತ ಹಾಕಿದ್ದು” ಎಂದಷ್ಟೇ ಹೇಳಿದರು. ಆ ಕಡೆಯಲ್ಲಿ ಈಗಲೂ ರಾಗಿಯ ಪೈರು ಗೇಣುದ್ದಕ್ಕೆ ನಿಂತುಬಿಡುವುದು.

ಅಮೆರಿಕದ ಕಾನೂನಿನಿಂದ ಲೋಕವು ಕಲಿತುದು ಬಹಳ. ಆದರೆ ನಮ್ಮ ನೆರೆಯ ಗುಂಡ್ಲುಪೇಟೆಯ ಸೀಮೆಯಿಂದಲೂ ಲೋಕವು ಕಲಿತಿರುವುದು ಅನೇಕರಿಗೆ ತಿಳಿಯದು. ಅಲ್ಲಿಯ ರೈತರು ತಲೆಮಾರುಗಳಿಂದ ಹೊಲದ ಅಂಚುಗಳಲ್ಲಿ ಲಾವಂಚದ ಹುಲ್ಲನ್ನು ಸಾಲಾಗಿ ನೆಟ್ಟು ಬೇಲಿಯಂತೆ ಉಳಿಸಿಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ವ್ಯವಸಾಯ ತಜ್ಞರು ಇದನ್ನು ಕಂಡು, ಮಣ್ಣನ್ನು ತಡೆಯುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯವಿಲ್ಲವೆಂದು ಇತರ ದೇಶಗಳಿಗೆ ಸಾರಿದರು. ಲಾವಂಚದ ಬೇರು ನೆಟ್ಟಗೆ ಆಳಕ್ಕೆ ಇಳಿಯುವುದು, ಅಕ್ಕಪಕ್ಕದ ಬೆಳೆಯ ಕಡೆಗೆ ಹರಡುವುದು ಕಡಮೆ. ಬಲಿತ ಎಲೆಯನ್ನು ದನಗಳು ಅಷ್ಟಾಗಿ ಮುಟ್ಟುವುದಿಲ್ಲ. ನೀರು ಬಂದು ಆ ಸಾಲಿಗೆ ತಾಗಿದಾಗ ಮಣ್ಣನ್ನು ಹಿಂದೆ ಬಿಟ್ಟು ತಾನು ನಿಧಾನವಾಗಿ ನುಸುಳುವುದು. ಕೆಲವು ವರ್ಷಗಳಲ್ಲಿ ಅಲ್ಲಿ ತಾನಾಗಿಯೇ ಬದುವು ಏಳುವುದು.

ಸಾಲನ್ನು ಎಲ್ಲಿ ನೆಡಬೇಕೆಂಬುದೇ ಮುಖ್ಯ. ಹಿಸ್ಸೆಯ ಗಡಿಯನ್ನು ಹಿಡಿದು ಹಾಕಿದ ಬದುವು ನೀರನ್ನು ಒಂದು ಮೂಲೆಗೆ ಕೂಡಿಸಿ ಅಲ್ಲಿ ಒಡೆಸುವುದು. ಸಮಮಟ್ಟವನ್ನು ಹಿಡಿಯುವುದಕ್ಕೆ ದುಬಾರಿಯ ಉಪಕರಣವೇನೂ ಬೇಡ. ಆಳುದ್ದದ ಎರಡು ಗಳುಗಳನ್ನು ತುದಿಯಲ್ಲಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಗೋಲನ್ನು ಬಿಗಿಯಬೇಕು. ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಬೇಕು. ಚೌಕಟ್ಟನ್ನು ನಿಲ್ಲಿಸಿ ದಾರವು ಅಡ್ಡಗೋಲನ್ನು ದಾಟುವೆಡೆಯಲ್ಲಿ ಗುರುತು ಮಾಡಿ, ಎರಡು ಕಾಲುಗಳ ಸ್ಥಾನವನ್ನು ಅದಲುಬದಲು ಮಾಡಿ ಇನ್ನೊಂದು ಗುರುತು ಹಾಕಿದರೆ, ಎರಡರ ನಡುವಣದೇ ಮಟ್ಟದ ಗುರುತು. ಒಂದು ಕಾಲನ್ನು ನೆಲಕ್ಕೆ ಊರಿ ಇನ್ನೊಂದನ್ನು ತಿರುಗಿಸುತ್ತ, ದಾರವು ಆ ನಡುವಣ ಗುರುತಿಗೆ ಬಂದೆಡೆಯಲ್ಲೆಲ್ಲ ಗೂಟ ಹೊಡೆಯುತ್ತ ಹೊಲದ ಅಡ್ಡಕ್ಕೂ ನಡೆಯಬೇಕು. ಗೂಟಗಳ ಸಾಲು ಹಾವಿನಂತೆ ಡೊಂಕಾಗಿ ಬರುವುದು. ಅದನ್ನು ನೆಟ್ಟಗೆ ಮಾಡುವ ಆಸೆಯನ್ನು ಬಿಡಬೇಕು. ಉಳುಮೆಯೂ ಬಿತ್ತನೆಯೂ ಆ ಸಾಲನ್ನೇ ಅನುಸರಿಸತಕ್ಕದ್ದು. ಹೆಚ್ಚಾದ ನೀರು ಹೊರಹೋಗಲು ಕಲ್ಲು ಜೋಡಿಸಿದ ಕೋಡಿಯೊಂದನ್ನು ಗಟ್ಟಿ ನೆಲವಿರುವ ಕಡೆಗೆ ಬಿಡಬೇಕು. ಮೇಲಿನ ಹೊಲದವನು ಕೋಡಿಯನ್ನು ಕೆಳಗಿನವನ ನಡುಹೊಲಕ್ಕೆ ತಿರುಗಿಸಿದರೆ ಜಗಳವು ತಪ್ಪದು; ಆದುದರಿಂದ ಗೂಟ ಹೊಡೆಯುವ ದಿನ ಇಬ್ಬರೂ ಇರಬೇಕು, ಊರ ಯಜಮಾನರೂ ಇರಬೇಕು. ಲಾವಂಚದ ಬುಡಗಳನ್ನು ಎರಡು ಮೂರು ಹಿಳ್ಳುಗಳಂತೆ ಬಿಡಿಸಿ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಮಣ್ಣು ಚೆನ್ನಾಗಿ ನೆನೆದ ಮೇಲೆ ಗೇಣಿಗಿಂತ ಕಡಮೆ ಅಂತರದಲ್ಲಿ ನೆಡತಕ್ಕದ್ದು. ನಡುವೆ ಸತ್ತ ಬುಡಗಳಿದ್ದರೆ ಮರುವರ್ಷ ತುಂಬಬೇಕು, ಒಂದು ಕಂಡಿಯಿದ್ದರೆ ನೀರೆಲ್ಲ ಅಲ್ಲಿಯೇ ನುಗ್ಗುವುದು.

ನಮ್ಮ ಯಜಮಾನರು ಇದನ್ನೆಲ್ಲ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, ಕೊರಕಲು ಬಿದ್ದ ಮೇಲಿನ ಹೊಲದಲ್ಲಿ ಎರಡು ಎಕರೆಗೆ ಗೂಟ ಹೊಡೆಸಲು ಒಪ್ಪಿದರು. ಕೆಳಗಿನ ಹೊಲದವರೊಡನೆ ಮಾತಾಡುವ ಹೊಣೆಯು ಅವರದು. ಆಳುಗಳು ಅವರವು, ಲಾವಂಚದ ಬುಡಗಳನ್ನು ಗುಂಡ್ಲುಪೇಟೆಯ ಕಡೆಯಿಂದ ತರುವುದು ನಮ್ಮದು. ಗಳುಗಳನ್ನು ಮಾತ್ರ ತಮ್ಮ ಹಿತ್ತಿಲ ಬಿದಿರಿನಿಂದಲೇ ಕಡಿಯಬೇಕೆಂದು ಅವರು ಹಟ ಹಿಡಿದಿದ್ದಾರೆ. ಬರುವ ಸೋಮವಾರ ಬೆಳಗ್ಗೆ ಏಳು ಗಂಟೆಗೆ ಅಲ್ಲಿರಬೇಕೆಂದು ನಮಗೆ ಹೇಳಿ ಕಳುಹಿಸಿದ್ದಾರೆ.